ಕಾನೂನು ವಿಭಾಗದವರು ಒಪ್ಪುವುದಿಲ್ಲ

ಹಾಸಿಗೆ ಕಂಪನಿಯ ಮೂರನೇ ಮಹಡಿಯಲ್ಲಿ, ಮೆಟ್ಟಿಲು ಹತ್ತಿ ಏದುಸಿರು ಬಿಡುವ ಜಾಗದಲ್ಲೇ ಕಾನೂನು ವಿಭಾಗವಿತ್ತು. ವಿಭಾಗ ಎಂದರೆ ಏನೋ ಭಾರಿ ದರಬಾರು ಎಂದುಕೊಳ್ಳಬೇಡಿ. ನಾಲ್ಕು ಜನ, ಐದು ಕಬ್ಬಿಣದ ಬೀರು, ಒಂದು ಮುದ್ರೆ, ಇಷ್ಟೆ. ಅದರ ಮುಖ್ಯಸ್ಥೆಗೆ ಇಡೀ ಕಂಪನಿ ಸೇರಿ ಇಟ್ಟ ಹೆಸರು ತಡೆಯಾಜ್ಞೆ. ಎದುರಿಗೆ ಸಿಕ್ಕರೆ ಮೇಡಂ, ಬೆನ್ನು ತಿರುಗಿದರೆ ತಡೆಯಾಜ್ಞೆ. ಈ ಹೆಸರು ತನಗಿದೆ ಎಂದು ಆಕೆಗೆ ಗೊತ್ತಿತ್ತು. ಆಕೆಗೆ ಗೊತ್ತಿದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಉಳಿದ ಮೂವರಲ್ಲಿ ಹಿರಿಯರು ಅನುಬಂಧ. ಮೂವತ್ತೊಂದು ವರ್ಷದಿಂದ ಅಲ್ಲೇ ಕೂತಿದ್ದ ಅವರು ಊಟದ ಚೀಟಿ ಬರೆದರೂ ಜೊತೆಗೆ ಇನ್ನೊಂದು ಹಾಳೆ ಲಗತ್ತಿಸುತ್ತಿದ್ದರು. ಎರಡನೆಯವಳು ಷರತ್ತು. ಬಾಯಿ ತೆರೆದರೆ 'ಆದರೆ' ಎಂದೇ ಶುರು ಮಾಡುವ ಎಳೆಯ ವಕೀಲೆ, ಈಗ ಆರು ತಿಂಗಳ ಬಸುರಿ. ಮೂರನೆಯವರು ಮುದ್ರೆಯಮ್ಮ. ಮುದ್ರೆಯ ಪೆಟ್ಟಿಗೆಯ ಬೀಗದ ಕೈಯನ್ನು ಕೊರಳಿಗೆ ಕಟ್ಟಿಕೊಂಡಿದ್ದ ಆಕೆಗೆ ಕಂಪನಿ ನಡೆಯುತ್ತಿರುವುದೇ ತನ್ನ ಕೊರಳಿನ ಮೇಲೆ ಎಂಬ ನಂಬಿಕೆ.

ಆ ಕಂಪನಿಯಲ್ಲಿ ಒಂದು ಪದ್ಧತಿ. ಕಾನೂನು ವಿಭಾಗದ ಮುದ್ರೆ ಬೀಳದೆ ಒಂದು ನೋಟೀಸೂ ಗೋಡೆ ಏರುವಂತಿರಲಿಲ್ಲ. ಹಾಗಾಗಿ ಆ ಸೋಮವಾರ ಬೆಳಗ್ಗೆ ಪರಿಶೀಲನೆಗೆಂದು ಬಂದ ಕಾಗದವನ್ನು ತಡೆಯಾಜ್ಞೆ ಮೊದಲ ಸಲ ಓದಿದಾಗ ಅಲ್ಪವಿರಾಮಗಳನ್ನಷ್ಟೇ ನೋಡಿದಳು. ಎರಡನೇ ಸಲಕ್ಕೆ ವಿಷಯ ತಲೆಗೆ ಹೋಯಿತು. ಈ ತಿಂಗಳ ಕೊನೆಗೆ ಕಾನೂನು ವಿಭಾಗವನ್ನು ಮುಚ್ಚಲಾಗುವುದು, ಇನ್ನು ಮುಂದೆ ಹೊರಗಿನ ವಕೀಲರ ಸಂಸ್ಥೆಯೊಂದು ಇಪ್ಪತ್ತನಾಲ್ಕು ಗಂಟೆಯೊಳಗೆ ಉತ್ತರ ಕೊಡುವುದು ಎಂದಿತ್ತು. ಕುರಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂದು ಲೋಕ ಕೇಳುತ್ತದೆ. ಈ ಕಂಪನಿಯಲ್ಲಿ ಕೇಳುತ್ತಿದ್ದರು, ಅದೂ ಎರಡು ಪ್ರತಿಗಳಲ್ಲಿ.

ಕಾರಣಕ್ಕೆ ಒಂದು ಪಟ್ಟಿ ಲಗತ್ತಾಗಿತ್ತು: 'ಕಾನೂನು ವಿಭಾಗದವರು ಒಪ್ಪದೆ ನಿಂತುಹೋಗಿರುವ ಮೂವತ್ತೇಳು ವಿಷಯಗಳು.'

"ಇದಕ್ಕೆ ಹನ್ನೆರಡು ಪ್ರಶ್ನೆ ಹಾಕಿ ವಾಪಸ್ ಕಳಿಸೋಣ. ಉತ್ತರ ಬರೋ ಹೊತ್ತಿಗೆ ನಾನು ನಿವೃತ್ತಿ ಆಗಿರ್ತೀನಿ" ಎಂದರು ಅನುಬಂಧ.

"ಆದರೆ ತಡ ಮಾಡ್ತಾರೆ ಅಂತಾನೇ ನಮ್ಮನ್ನ ಕಳಿಸ್ತಿರೋದು" ಎಂದಳು ಷರತ್ತು. ಅವಳ ದನಿ ಸಣ್ಣಗಾಗಿತ್ತು. ಮೂರು ತಿಂಗಳಲ್ಲಿ ಮಗು ಬರುತ್ತದೆ. ಹೊಟ್ಟೆ ಮುಂದಿಟ್ಟುಕೊಂಡು ಹೋದವಳಿಗೆ ಯಾರು ಕುರ್ಚಿ ಕೊಡುತ್ತಾರೆ?

ತಡೆಯಾಜ್ಞೆ ಒಳಬಂದ ಕಾಗದಗಳ ದಾಖಲೆ ಪುಸ್ತಕವನ್ನು ತರಿಸಿದಳು. ಮೂವತ್ತೇಳು ವಿಷಯಗಳನ್ನೂ ಒಂದೊಂದಾಗಿ ಹುಡುಕಿದರು. ಎಂಟು ಸಿಕ್ಕವು, ಎಂಟಕ್ಕೂ ಉತ್ತರ ಹೋಗಿತ್ತು. ಉಳಿದ ಇಪ್ಪತ್ತೊಂಬತ್ತು ಈ ಕೋಣೆಯ ಹೊಸ್ತಿಲನ್ನೇ ದಾಟಿರಲಿಲ್ಲ.

ಆಗ ಆಕೆಗೆ ತಾನಿಲ್ಲಿ ಕಳೆದ ಹನ್ನೆರಡು ವರ್ಷದ ಗುಟ್ಟು ಒಂದೇ ಏಟಿಗೆ ಅರ್ಥವಾಯಿತು. ಈ ಕಂಪನಿಯಲ್ಲಿ ಯಾರಿಗೂ ತಮ್ಮ ಬಾಯಿಂದ 'ಇಲ್ಲ' ಎನ್ನಲು ಧೈರ್ಯವಿಲ್ಲ. ಕೇಳಿದವರಿಗೆಲ್ಲ ನಗುನಗುತ್ತಾ ಹ್ಞೂಂ ಎನ್ನುವುದು, ವಾರ ಬಿಟ್ಟು 'ನನಗೇನೋ ಇಷ್ಟವೇ, ಏನು ಮಾಡೋದು, ಕಾನೂನಿನವರು ಒಪ್ಪಲ್ಲ' ಎನ್ನುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹನ್ನೆರಡು ವರ್ಷ ಎಲ್ಲರ ಬರೆಯನ್ನೂ ಎಳೆಸಿಕೊಂಡ ಎಮ್ಮೆ ತಾನು. ಮಧ್ಯಾಹ್ನದ ಊಟಕ್ಕೆ ಒಬ್ಬರೂ ತನ್ನ ಮೇಜಿಗೆ ಬರದಿದ್ದುದು ಏಕೆಂದೂ ಹೊಳೆಯಿತು. ಸಿಟ್ಟು ಬಂತು, ಅದರ ಹಿಂದೆಯೇ ನಗು ಬಂತು. ನಗು ಬಂದ ಮೇಲೆ ಆಕೆ ಅಪಾಯಕಾರಿ.

"ಇಪ್ಪತ್ತೊಂಬತ್ತು ಕಾಗದ ತಯಾರು ಮಾಡಿ" ಎಂದಳು. "ಒಂದೇ ಒಕ್ಕಣೆ. 'ಸದರಿ ವಿಷಯದಲ್ಲಿ ಈ ದಿನದವರೆಗೆ ಕಾನೂನು ವಿಭಾಗದ ಆಕ್ಷೇಪಣೆ ಏನೂ ಇಲ್ಲ. ಕಾಗದಪತ್ರ ಕಳಿಸಿದರೆ ಸಂಜೆಯೊಳಗೆ ನೋಡಿಕೊಡುತ್ತೇವೆ.'"

"ಅಷ್ಟೇನಾ?" ಎಂದರು ಅನುಬಂಧ.

"ಅಷ್ಟೇ. ಒಂದಕ್ಷರ ಸುಳ್ಳಿದ್ಯಾ ಅದರಲ್ಲಿ? ಪ್ರತಿ ಮಾತ್ರ, ಆ ವಿಷಯ ಮೊದಲು ಯಾರು ಕೇಳಿದ್ರೋ ಅವರಿಗೂ ಹೋಗಲಿ."

ಅನುಬಂಧರ ಮುಖದ ಮೇಲೆ ಮೂವತ್ತೊಂದು ವರ್ಷದಲ್ಲಿ ಕಾಣದ ಬೆಳಕು ಮೂಡಿತು. ಮುದ್ರೆಯಮ್ಮ ಇಪ್ಪತ್ತೊಂಬತ್ತು ಸಲ ಮುದ್ರೆ ಒತ್ತಿ ಕೈ ನೀವಿಕೊಂಡಳು.

ಮಂಗಳವಾರ ಮಧ್ಯಾಹ್ನದೊಳಗೆ ಕಂಪನಿ ತಲೆಕೆಳಗಾಯಿತು. ಊಟದ ಮೇಲೆ ಅರ್ಧ ಗಂಟೆ ಕಂಪನಿಯ ಹಾಸಿಗೆಯ ಮೇಲೆ ಮಲಗಲು ಬಿಡಿ ಎಂದು ನೌಕರರು ಎರಡು ವರ್ಷದಿಂದ ಕೇಳುತ್ತಿದ್ದರು. ಸಿಬ್ಬಂದಿ ಮುಖ್ಯಸ್ಥರು ಕಣ್ಣಲ್ಲಿ ನೀರು ತುಂಬಿಕೊಂಡು, ನಿಮ್ಮ ದಣಿವು ನನಗೆ ಗೊತ್ತಿಲ್ಲವೇ, ಕಾನೂನಿನವರು ಕಲ್ಲು ಮನಸ್ಸಿನವರು ಎನ್ನುತ್ತಿದ್ದರು. ಈಗ ನಲವತ್ತು ಜನ ದಿಂಬು ಕಂಕುಳಲ್ಲಿಟ್ಟುಕೊಂಡು ಅವರ ಬಾಗಿಲಲ್ಲಿ ನಿಂತಿದ್ದರು. ನಿದ್ದೆ ಬಾರದಿದ್ದರೆ ಹಾಸಿಗೆ ವಾಪಸ್ ಎಂಬ ಭರವಸೆ ಬೇಕೆಂದಿದ್ದ ಹೋಟೆಲಿನವನು, ನಿದ್ದೆ ಬಾರದ ಅತಿಥಿಗಳ ಪಟ್ಟಿ ಹಿಡಿದು ಮಾರಾಟ ಮುಖ್ಯಸ್ಥರ ಎದುರು ಕುಕ್ಕರಿಸಿದ್ದ. ಜಾಹೀರಾತು ಮುಖ್ಯಸ್ಥರ ಗತಿ ಎಲ್ಲಕ್ಕಿಂತ ದಾರುಣ. ಕಂಪನಿಯ ಯಜಮಾನರಿಗೆ ಬಾಲ್ಯದಲ್ಲಿ ಪಾಠ ಹೇಳಿದ್ದ ಮೇಷ್ಟ್ರೊಬ್ಬರು ಹಾಸಿಗೆಯ ಮೇಲೆ ಹದಿನಾರು ಪದ್ಯ ಕಟ್ಟಿ, ಪ್ರತಿಯೊಂದು ಹಾಸಿಗೆಯ ಚೀಟಿಯಲ್ಲೂ ಅಚ್ಚು ಹಾಕಿಸಿ ಎಂದು ದುಂಬಾಲು ಬಿದ್ದಿದ್ದರು. ಆಕ್ಷೇಪಣೆ ಇಲ್ಲ ಎಂಬ ಕಾಗದ ಕೈಗೆ ಸಿಕ್ಕಿದ್ದೇ ತಡ, ಇನ್ನೂ ನಾಲ್ಕು ಪದ್ಯ ಸೇರಿಸಿಕೊಂಡು ಬಂದು ರಾಗವಾಗಿ ಹಾಡುತ್ತಿದ್ದರು.

ಸಂಜೆಗೆ ಮೂರನೇ ಮಹಡಿಯ ಮೆಟ್ಟಿಲಲ್ಲಿ ಮುಖ್ಯಸ್ಥರುಗಳ ಸಾಲು.

"ಮೇಡಂ, ಒಂದೇ ಒಂದು ಸಣ್ಣ ಆಕ್ಷೇಪಣೆ ಕೊಡಿ" ಎಂದರು ಜಾಹೀರಾತಿನವರು. "ನಿಮಗೆ ಆಕ್ಷೇಪಣೆ ಅಂದ್ರೆ ನೀರು ಕುಡಿದಷ್ಟು ಸುಲಭ."

"ಪದ್ಯ ಬರೆಯೋದು ಯಾವ ಕಾನೂನಿಗೆ ವಿರುದ್ಧ?"

"ಆ ಪದ್ಯ ನೀವು ಕೇಳಿಲ್ಲ ಮೇಡಂ."

"ಬರವಣಿಗೇಲಿ ಕೇಳಿ, ನೋಡ್ತೀವಿ."

"ಆದರೆ ನೀವಾಗೇ ಬಂದು ಆಕ್ಷೇಪಣೆ ಕೇಳಿದ್ರಿ ಅಂತ ನಮ್ಮ ಉತ್ತರದಲ್ಲಿ ಬರೀಬೇಕಾಗುತ್ತೆ" ಎಂದು ಷರತ್ತು ಮೆಲ್ಲಗೆ ಸೇರಿಸಿದಳು. ಜಾಹೀರಾತಿನವರು ಬಂದ ದಾರಿಗೆ ಸುಂಕವಿಲ್ಲ ಎಂದು ಇಳಿದುಹೋದರು.

ಪಟ್ಟಿಯ ಕೊನೆಯ ಅಂಶ, ಮೂವತ್ತೇಳನೆಯದು, ಬೇರೆಯೇ ತೂಕದ್ದು. ಯಜಮಾನರ ಭಾವಮೈದನಿಗೆ ನಾಲ್ಕು ಊರುಗಳ ಮಾರಾಟದ ಹಕ್ಕು ಕೊಡುವ ಒಪ್ಪಂದ. 'ಎಂಟು ತಿಂಗಳಿಂದ ಕಾನೂನು ವಿಭಾಗದಲ್ಲಿ ಬಾಕಿ' ಎಂದಿತ್ತು. ಕೇಳಿದವರು ಯಜಮಾನರ ಹೆಂಡತಿ. ಆಕೆ ಕಂಪನಿಯ ಆಡಳಿತ ಮಂಡಳಿಯಲ್ಲೂ ಇದ್ದುದರಿಂದ ಆಕೆಯ ಮಾತಿಗೆ ಮನೆಯಲ್ಲೂ ಕಂಪನಿಯಲ್ಲೂ ಎದುರಿರಲಿಲ್ಲ. ನನ್ನ ತಮ್ಮನ ಕಾಗದವನ್ನು ಎಂಟು ತಿಂಗಳು ತಡೆದು ಕೂತಿರುವ ಆ ವಿಭಾಗವಾದರೂ ಯಾತಕ್ಕೆ, ಮುಚ್ಚಿ ಎಂದು ಆಕೆಯೇ ಹೇಳಿದ್ದಂತೆ. ನೋಟೀಸು ಹುಟ್ಟಿದ್ದು ಹಾಗೆ. ತಡೆಯಾಜ್ಞೆಯ ಕಾಗದ ಆಕೆಗೂ ಹೋಗಿತ್ತು. ಆಕೆ ಗಂಡನನ್ನು ಕೇಳುವ ಗೋಜಿಗೂ ಹೋಗದೆ ಒಪ್ಪಂದದ ಕರಡನ್ನು ನೇರವಾಗಿ ಮೂರನೇ ಮಹಡಿಗೆ ಕಳಿಸಿದಳು. ನಾಲ್ವರೂ ಕೂತು ನಲವತ್ತೊಂದು ಕಲಮುಗಳನ್ನು ಜಾಲಾಡಿದರು. ಎಲ್ಲವೂ ಸರಿಯಿತ್ತು. ಸಂಜೆಗೆ ಮುದ್ರೆ ಬಿತ್ತು.

ಬುಧವಾರ ಬೆಳಗ್ಗೆ ಯಜಮಾನರು ತಾವೇ ಮೂರನೇ ಮಹಡಿ ಹತ್ತಿ ಬಂದರು. ಹನ್ನೆರಡು ವರ್ಷದಲ್ಲಿ ಇದೇ ಮೊದಲು. ಬಾಗಿಲು ಹಾಕಿಕೊಂಡು, ಕುರ್ಚಿಯ ತುದಿಯಲ್ಲಿ ಕೂತು, ಕರವಸ್ತ್ರದಿಂದ ಹಣೆ ಒರೆಸಿಕೊಂಡರು.

"ಏನಮ್ಮಾ ಇದು, ಒಂದೇ ದಿನಕ್ಕೆ ಒಪ್ಪಿಬಿಟ್ರಾ?"

"ಕರಡು ನಮ್ಮಲ್ಲಿಗೆ ಬಂದಿದ್ದೇ ನಿನ್ನೆ ಸಾರ್."

ಯಜಮಾನರು ಆ ಮಾತನ್ನು ಕೇಳದವರಂತೆ ನುಂಗಿಕೊಂಡರು. "ಅವನು ಮಧ್ಯಾಹ್ನ ಹನ್ನೆರಡಕ್ಕೆ ಏಳೋ ಪ್ರಾಣಿ. ನಾಲ್ಕು ಊರು ಅವನ ಕೈಗೆ ಕೊಟ್ರೆ ನಾಲ್ಕೂ ಊರಲ್ಲಿ ನಮ್ಮ ಹೆಸರು ಮುಳುಗುತ್ತೆ. ಏನಾದ್ರೂ ಒಂದು ಅಡ್ಡಿ ಬರೀರಿ."

"ತಡವಾಗಿ ಏಳೋದು ಕಾನೂನಿನ ಅಡ್ಡಿ ಅಲ್ಲ ಸಾರ್. ವ್ಯಾಪಾರದ ಅಡ್ಡಿ. ಅದನ್ನ ತಾವೇ ಹೇಳಬಹುದು."

"ನಾನು ಹೇಳಿ ಮನೇಲಿರೋದು ಹೇಗೆ?"

"ಮುಂದಿನ ತಿಂಗಳಿಂದ ಹೊರಗಿನವರು ಇರ್ತಾರಲ್ಲ. ಅವರನ್ನ ಕೇಳಿ. ಇಪ್ಪತ್ನಾಲ್ಕು ಗಂಟೇಲಿ ಒಪ್ಪಿಗೆ ಕೊಡ್ತಾರೆ."

ಯಜಮಾನರ ಮುಖ ಬಿಳಿಚಿಕೊಂಡಿತು. ಅಡ್ಡಿ ಹೇಳುವವರೇ ಇಲ್ಲದ ಕಂಪನಿಯಲ್ಲಿ ತಮ್ಮ ಮುಂದಿನ ಬಾಳು ಹೇಗಿರುತ್ತದೆಂದು ಆಗಷ್ಟೇ ಅವರಿಗೆ ಕಂಡಂತಿತ್ತು. ದನಿ ತಗ್ಗಿಸಿ, "ಒಂದು ಕೆಲಸ ಮಾಡೋಣ. ನೀವೊಬ್ರು ಇರಿ. ಆ ಮೂವರನ್ನ ಕಳಿಸಿಬಿಡೋಣ. ನೋಟೀಸು ಪೂರ್ತಿ ವಾಪಸ್ ತಗೊಳೋದು ನನ್ನ ಕೈಲಿಲ್ಲ, ಮನೇಲಿ ಅವಳು ಒಪ್ಪಲ್ಲ" ಎಂದರು.

ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಐವತ್ತು ದಾಟಿದ ಹೆಂಗಸಿಗೆ ಇನ್ನೊಂದು ಕೆಲಸವೇನು ದಾರಿಯಲ್ಲಿ ಬಿದ್ದಿರುತ್ತದೆಯೇ? ತಡೆಯಾಜ್ಞೆ ಬಾಗಿಲ ಗಾಜಿನಾಚೆ ನೋಡಿದಳು. ಅನುಬಂಧರು ಪೆನ್ಸಿಲು ಚೂಪು ಮಾಡುತ್ತಿದ್ದರು. ಮುದ್ರೆಯಮ್ಮ ತನ್ನ ಕುರ್ಚಿಯ ದಿಂಬನ್ನು ತೆಗೆದು ಷರತ್ತಿನ ಬೆನ್ನ ಹಿಂದೆ ತುರುಕುತ್ತಿದ್ದಳು.

"ಇದ್ರೆ ನಾಲ್ಕೂ ಜನ ಇರ್ತೀವಿ ಸಾರ್. ಇಲ್ಲದಿದ್ರೆ ಮೂವತ್ತನೇ ತಾರೀಕು ನಾಲ್ಕೂ ಜನ ಇಳೀತೀವಿ. ಶುಕ್ರವಾರ ಹನ್ನೊಂದಕ್ಕೆ ಓದು ಇಟ್ಟಿದೀನಿ. ತಾವೂ ಬರಬೇಕು."

ಓದು ಎಂದರೆ ಆ ವಿಭಾಗದ್ದೇ ಒಂದು ಶಾಸ್ತ್ರ. ಹಿಂದೊಮ್ಮೆ ವ್ಯಾಪಾರಿಯೊಬ್ಬ, ಓದದೇ ರುಜು ಹಾಕಿಬಿಟ್ಟೆ ಎಂದು ಕೈತೊಳೆದುಕೊಂಡಿದ್ದ. ಅಂದಿನಿಂದ ಯಾವ ಒಪ್ಪಂದವೇ ಆಗಲಿ, ರುಜು ಹಾಕುವವರನ್ನೆಲ್ಲ ಎದುರುಬದುರು ಕೂರಿಸಿ ಒಂದೊಂದು ಕಲಮನ್ನೂ ಗಟ್ಟಿಯಾಗಿ ಓದುವುದು. ಪ್ರತಿಯೊಂದಕ್ಕೂ ಎರಡು ಕಡೆಯವರೂ ತಮ್ಮ ಬಾಯಿಂದಲೇ 'ಒಪ್ಪಿದೆ' ಎನ್ನಬೇಕು. ತಲೆಯಾಡಿಸಿದರೆ ಸಾಲದು.

ಶುಕ್ರವಾರ ಯಜಮಾನರ ಹೆಂಡತಿಯೂ ಬಂದಳು. ತಮ್ಮನ ಗೆಲುವು ನೋಡಬೇಕಿತ್ತು, ಅದಕ್ಕಿಂತ ಹೆಚ್ಚಾಗಿ ಎಂಟು ತಿಂಗಳು ತನ್ನ ಮಾತಿಗೆ ಅಡ್ಡ ನಿಂತ ಹೆಂಗಸಿನ ಮುಖ ನೋಡಬೇಕಿತ್ತು. ಪಕ್ಕದಲ್ಲಿ ತಮ್ಮ. ನಲವತ್ತರ ಮೃದು ಮನುಷ್ಯ, ಈಗಷ್ಟೇ ಎದ್ದು ಬಂದ ಕಣ್ಣು. ಎದುರಿಗೆ ಯಜಮಾನರು, ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವರಂತೆ.

ಅನುಬಂಧರು ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. ಮೊದಲ ಮೂರು ಕಲಮು ಹೆಸರು, ವಿಳಾಸಗಳಲ್ಲಿ ಕಳೆದವು. ಭಾವಮೈದ ಒಪ್ಪಿದೆ ಎಂದ, ಯಜಮಾನರು ಒಪ್ಪಿದೆ ಎಂದರು.

"ಕಲಮು ನಾಲ್ಕು. ಮಾರಾಟಗಾರನು ಪ್ರತಿದಿನ ಬೆಳಗ್ಗೆ ಎಂಟು ಗಂಟೆಗೆ ಮಳಿಗೆಯನ್ನು ತಾನೇ ಖುದ್ದಾಗಿ ತೆರೆಯತಕ್ಕದ್ದು."

ಭಾವಮೈದ ಕತ್ತು ಒರೆಸಿಕೊಂಡ. ಅಕ್ಕನ ಕಡೆ ನೋಡಿದ. ಅಕ್ಕ ಕಣ್ಣಲ್ಲೇ ಹೇಳು ಎಂದಳು. ಅವನು ತಡೆಯಾಜ್ಞೆಯ ಕಡೆ ತಿರುಗಿದ.

"ಮೇಡಂ, ಇದರಲ್ಲಿ ನಿಮ್ಮದೇನೂ ತಕರಾರಿಲ್ವಾ?"

"ಇಲ್ಲ."

"ಸ್ವಲ್ಪಾನೂ?"

"ಸ್ವಲ್ಪಾನೂ ಇಲ್ಲ."

"ಮುಂಚೆ ಇತ್ತಂತಲ್ಲ, ಎಂಟು ತಿಂಗಳು?" ಎಂದವನ ದನಿಯಲ್ಲಿ ಕಳೆದುಹೋದ ಸುಖದ ಕೊರಗಿತ್ತು. ತಡೆಯಾಜ್ಞೆ ಬರೀ ನಕ್ಕಳು. ಅವನು ಭಾವನ ಕಡೆ ತಿರುಗಿದ. "ಭಾವ, ನಿಮ್ಮದು?"

ಯಜಮಾನರು ಮೇಲೆ ತಿರುಗುತ್ತಿದ್ದ ಫ್ಯಾನಿನ ರೆಕ್ಕೆಗಳನ್ನು ಎಣಿಸತೊಡಗಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಕೋಲು ಬೇರೆಯವರದಾಗಿರಬೇಕು. ಅನುಬಂಧರು ಕಲಮು ನಾಲ್ಕನ್ನು ಇನ್ನೊಮ್ಮೆ, ಇನ್ನೂ ನಿಧಾನವಾಗಿ ಓದಿದರು. ತಾನೇ, ಖುದ್ದಾಗಿ, ಪ್ರತಿದಿನ. ತಡೆಯಾಜ್ಞೆಯ ನಾಲಿಗೆಯ ತುದಿಗೆ ಬಂದಿತ್ತು, ಪಾಪ, ಬಿಡಿ, ನನ್ನದೇ ಒಂದು ಅಡ್ಡಿ ಎಂದು ಬರೆದುಕೊಳ್ಳಿ ಎನ್ನುವ ಮಾತು. ಹನ್ನೆರಡು ವರ್ಷದ ಅಭ್ಯಾಸ. ತುಟಿ ಕಚ್ಚಿ ಹಿಡಿದುಕೊಂಡಳು.

"ನಂಗೆ ಬೇಡ ಅಕ್ಕ" ಎಂದ ಭಾವಮೈದ ಕೊನೆಗೆ, ಮೇಜನ್ನು ನೋಡುತ್ತಾ. "ನಂಗೆ ಮೊದಲಿಂದಾನೂ ಬೇಡ. ಹೂವಿನ ಸಸಿ ಮಾಡ್ಕೊಂಡು ನಾನು ಹಾಯಾಗಿದೀನಿ."

"ಮತ್ತೆ ಎಂಟು ತಿಂಗಳಿಂದ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?"

"ಕಾನೂನಿನವರು ಹೇಗೂ ಒಪ್ಪಲ್ಲ ಅಂತ ಭಾವ ಹೇಳ್ತಿದ್ರಲ್ಲ. ಮತ್ತೆ ನಾನ್ಯಾಕೆ ನಿನ್ನ ಹತ್ರ ಬೈಸಿಕೊಳ್ಲಿ ಅಂತ ಸುಮ್ಮನಿದ್ದೆ."

ಹೆಂಡತಿ ಚುರುಕು ಹೆಂಗಸು. ಕ್ಷಣ ಯೋಚಿಸಿ, ಆ ಕಾಗದ ನಿಮ್ಮಲ್ಲಿಗೆ ಬಂದದ್ದು ಯಾವತ್ತು ಎಂದು ತಡೆಯಾಜ್ಞೆಯನ್ನು ಕೇಳಿದಳು. ಮುದ್ರೆಯಮ್ಮ ದಾಖಲೆ ಪುಸ್ತಕವನ್ನು ತಂದು ಎದುರಿಗೆ ಬಿಡಿಸಿಟ್ಟಳು. ಮೊನ್ನೆ ಮಂಗಳವಾರದ ತಾರೀಕು.

"ಹಾಗಾದ್ರೆ ಎಂಟು ತಿಂಗಳು ತಡೆದವರು ಯಾರು?"

ಯಜಮಾನರು ತಡೆಯಾಜ್ಞೆಯ ಕಡೆ ನೋಡಿದರು. ಒಂದೇ ಒಂದು ಸಲ, ಇದೊಂದು ಸಲ ಎನ್ನುವ ನೋಟ. ಇವರನ್ನು ಈಗ ಉಳಿಸಿದರೆ ಋಣ ತೀರಿಸಿಯಾರು, ಬೀಳಿಸಿದರೆ ನಾಲ್ಕು ಜನರ ಅನ್ನಕ್ಕೆ ಕಲ್ಲು ಬಿದ್ದೀತು. ಆದರೂ ಬಾಯಿಗೆ ಬಂದದ್ದು ಇಷ್ಟೇ:

"ಸಾರ್ ಹೇಳ್ತಾರೆ."

"ನಾನೇ" ಎಂದರು ಯಜಮಾನರು. ಹೇಳಿದ ಮೇಲೆ ಆಕಾಶವೇನೂ ಕಳಚಿ ಬೀಳಲಿಲ್ಲ ಎಂದು ಅವರಿಗೇ ಆಶ್ಚರ್ಯವಾದಂತಿತ್ತು. "ನಂಗೆ ಇಷ್ಟ ಇರ್ಲಿಲ್ಲ. ನಿಂಗೆ ಹೇಳೋಕೆ ಧೈರ್ಯ ಬರ್ಲಿಲ್ಲ."

"ಒಬ್ಬರಾದ್ರೂ ನನ್ನ ಮುಖ ನೋಡಿ ಬೇಡ ಅನ್ನಬಾರದಿತ್ತಾ? ನಾನೇನು ಹುಲಿನಾ?"

ಗಂಡನೂ ತಮ್ಮನೂ ತಂತಮ್ಮ ಕೈ ನೋಡಿಕೊಂಡರು. ಆಕೆಯ ಕಣ್ಣು ತುಂಬಿತು. ಸಿಟ್ಟಿಗಲ್ಲ, ನೋವಿಗೆ. ಅದನ್ನು ಆ ಕೋಣೆಯಲ್ಲಿ ಗುರುತಿಸಿದವಳು ತಡೆಯಾಜ್ಞೆ ಒಬ್ಬಳೇ. ಒಂಟಿ ಮೇಜಿನಲ್ಲಿ ಹನ್ನೆರಡು ವರ್ಷ ಉಂಡವಳಿಗೆ ಅದು ತಿಳಿಯದೇ?

"ಮತ್ತೆ ಇವರ ವಿಭಾಗ ಯಾಕೆ ಮುಚ್ತಿದೀವಿ?" ಎಂದು ಹೆಂಡತಿ ಕಣ್ಣೊರೆಸಿಕೊಂಡು ಕೇಳಿದಳು.

"ನೀನು ಹೇಳ್ದೆ ಅಂತ."

"ಇವರು ಅಡ್ಡ ಅಂತ ನೀವು ಹೇಳಿದ್ರಿ, ಅದಕ್ಕೆ ನಾನು ಹೇಳ್ದೆ."

ಯಜಮಾನರು ನೋಟೀಸನ್ನು ತರಿಸಿಕೊಂಡು, ಅಡ್ಡಗೆರೆ ಎಳೆದು, 'ರದ್ದು' ಎಂದು ಬರೆದು, ಯಾರ ಮುಖವನ್ನೂ ನೋಡದೆ ರುಜು ಹಾಕಿದರು. ಷರತ್ತು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕುರ್ಚಿಗೆ ಒರಗಿದಳು, ಒಂದೂ 'ಆದರೆ' ಇಲ್ಲದೆ. ಅನುಬಂಧರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ಇದಕ್ಕೂ ಮುದ್ರೆ ಹಾಕ್ಲಾ?" ಎಂದು ಮುದ್ರೆಯಮ್ಮ ಕೇಳಿದಳು.

ಭಾವಮೈದ ಅಕ್ಕನ ಕೈ ಮುಟ್ಟಿ ಹೊರಟುಹೋದ. ಯಜಮಾನರೂ ಬಾಗಿಲ ಕಡೆ ಸರಿಯುತ್ತಿದ್ದರು. ಗೆದ್ದವರು ಇಂಥ ಹೊತ್ತಿನಲ್ಲಿ ಸುಮ್ಮನಿರಬೇಕು. ತಡೆಯಾಜ್ಞೆಗೆ ಸುಮ್ಮನಿರಲಾಗಲಿಲ್ಲ.

"ಒಂದು ಮಾತು ಕೇಳ್ಲಾ ಅಮ್ಮಾ? ನಮ್ಮ ಕೋಣೆಗೆ ಒಂದು ಕಿಟಕಿ ಬೇಕು ಅಂತ ನಾಲ್ಕು ವರ್ಷದಿಂದ ಕೇಳ್ತಿದೀವಿ. ನೀವು ಒಪ್ಪಲಿಲ್ವಂತೆ."

"ಯಾವ ಕಿಟಕಿ?"

"ನಂಗೇನೋ ಇಷ್ಟಾನೇ, ಏನು ಮಾಡೋದು, ಮನೇಲಿ ಅವಳು ಒಪ್ಪಲ್ಲ ಅಂದ್ರು ಸಾರ್."

ಬಾಗಿಲ ಬಳಿ ಯಜಮಾನರ ಕಾಲು ನಿಂತಿತು. ಹೆಂಡತಿ ಒಮ್ಮೆ ಗಂಡನ ಬೆನ್ನನ್ನು ನೋಡಿದಳು, ಒಮ್ಮೆ ತಡೆಯಾಜ್ಞೆಯ ಮುಖವನ್ನು ನೋಡಿದಳು. ಆಮೇಲೆ ಕುರ್ಚಿಯನ್ನು ಎಳೆದುಕೊಂಡು ಆಕೆಯ ಮಗ್ಗುಲಿಗೆ ಬಂದು ಕೂತಳು.

"ಇನ್ನೇನೇನಕ್ಕೆ ಒಪ್ಪಿಲ್ಲ ನಾನು?"

"ತುಂಬಾ ಇದೆ. ಬರ್ಕೋಬೇಕಾಗುತ್ತೆ."

"ಬರ್ಕೊಳ್ಳೋಣ. ಮನೇಲಿ ನೀವು ಒಪ್ಪದೆ ಇರೋದನ್ನೂ ನಾನು ಹೇಳ್ತೀನಿ. ಹೋದ ವರ್ಷ ನಾವು ಸಮುದ್ರ ನೋಡೋಕೆ ಹೋಗೋದಿತ್ತು. ನೀವು ಬಿಡಲಿಲ್ಲ."

"ನಾನು?" ಎಂದ ತಡೆಯಾಜ್ಞೆಗೆ ನಗು ತಡೆಯಲಾಗಲಿಲ್ಲ. ಹೆಂಡತಿಗೂ ನಗು ಬಂತು. ಷರತ್ತು ಹಾಳೆಗಳನ್ನು ತಂದುಕೊಟ್ಟಳು, ಅನುಬಂಧರು ಚೂಪು ಮಾಡಿದ ಎರಡು ಪೆನ್ಸಿಲು ಮುಂದಿಟ್ಟರು.

"ನಾನಿನ್ನು ಹೊರಡ್ಲಾ?" ಎಂದರು ಯಜಮಾನರು ಬಾಗಿಲಿನಿಂದ, ಬಹಳ ಮೆತ್ತಗೆ.

"ಬೇಡ, ಕೂತ್ಕೊಳ್ಳಿ" ಎಂದರು ಇಬ್ಬರೂ, ತಲೆ ಎತ್ತದೆ.